ನಂಬರ್ ಕೊಡದೆಯೂ ಕ್ಲಬ್ ಸೇರುವಂತಿರಲಿ

ಕಾಲೇಜು ತೆರೆದ ಮೊದಲ ವಾರ ನೋಟಿಸ್ ಬೋರ್ಡ್ ತುಂಬ ಕ್ಯೂಆರ್ ಕೋಡ್‌ಗಳು. ಎನ್ನೆಸ್ಸೆಸ್‌ನದ್ದು ಒಂದು, ಯುವ ರೆಡ್‌ಕ್ರಾಸ್‌ನದ್ದು ಒಂದು, ಕನ್ನಡ ಸಂಘದ್ದು, ಚರ್ಚಾ ವೇದಿಕೆಯದ್ದು, ಕೋಡಿಂಗ್ ಕ್ಲಬ್‌ನದ್ದು. ಸ್ಕ್ಯಾನ್ ಮಾಡಿದರೆ ಸೀದಾ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಿ ಬೀಳುತ್ತೇವೆ. ಒಂದು ಗ್ರೂಪಿನಲ್ಲಿ 1,024 ಮಂದಿಯವರೆಗೆ ಇರಬಹುದು. ಸೇರಿದ ಹುಡುಗಿಯ ನಂಬರ್ ಅಷ್ಟೂ ಮಂದಿಗೆ ಕಾಣುತ್ತದೆ. ಎರಡು ದಿನ ಕಳೆದು ರಾತ್ರಿ ಹನ್ನೊಂದಕ್ಕೆ ಗುರುತಿಲ್ಲದ ನಂಬರಿನಿಂದ ಒಂದು 'ಹಾಯ್' ಬರುತ್ತದೆ. ಆಕೆ ಯಾರಿಗೂ ದೂರು ಕೊಡುವುದಿಲ್ಲ. ಗ್ರೂಪಿನಿಂದ ಹೊರಗೆ ಬರುತ್ತಾಳೆ, ಅಷ್ಟೇ. ಗ್ರೂಪಿನ ಜೊತೆಗೆ ಚರ್ಚಾ ಸ್ಪರ್ಧೆಯೂ ಹೋಯ್ತು, ಕ್ಯಾಂಪೂ ಹೋಯ್ತು. ಹೀಗೆ ಹೊರಗೆ ಹೋದವರು ಎಷ್ಟು ಮಂದಿ ಅಂತ ಯಾವ ಕ್ಲಬ್ಬಿನವರೂ ಲೆಕ್ಕ ಇಡುವುದಿಲ್ಲ.

ನಮ್ಮ ಬ್ಯಾರಿ ಮನೆಗಳಲ್ಲಿ ಇದರ ತೂಕ ಇನ್ನೂ ಜಾಸ್ತಿ. ಅಜ್ಜಿ ಮದ್ರಸದಾಚೆ ಕಲಿತವರಲ್ಲ, ಉಮ್ಮ ಹತ್ತನೆಯ ತರಗತಿಗೆ ನಿಲ್ಲಿಸಿದವರು, ಮಗಳು ಈಗ ಎಂಎಸ್ಸಿಗೆ ಕೊಣಾಜೆಗೆ ಹೋಗುತ್ತಾಳೆ. ಇಂಥ ಮನೆಗಳು ಕರಾವಳಿಯಲ್ಲಿ ಬೇಕಾದಷ್ಟು ಉಂಟು. "ನಂಬರ್ ಯಾರಿಗೂ ಕೊಡ್ಬೇಡ ಮಗಳೇ" ಎಂದು ಉಮ್ಮ ಹೇಳಿದರೆ ಅದನ್ನು ಹಳೇ ಕಾಲದ ಹೆದರಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ 'ಹಾಯ್' ಬಂದದ್ದು ಸುಳ್ಳಲ್ಲವಲ್ಲ. ಉಮ್ಮನನ್ನು ತಿದ್ದುವ ಬದಲು ಗ್ರೂಪನ್ನು ತಿದ್ದಬಹುದಿತ್ತು.

ಇದನ್ನು ಈಗ ಬರೆಯಲಿಕ್ಕೆ ಒಂದು ಕಾರಣ ಉಂಟು. ಬಿಸಿಎ, ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್ ಕಲಿಯುವ ನಮ್ಮ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸುವ ವಿಷಯಗಳಲ್ಲಿ 'ಕಾಲೇಜು ಕ್ಲಬ್‌ಗಳಿಗೊಂದು ಮೊಬೈಲ್ ಆ್ಯಪ್' ಎನ್ನುವುದು ಸಾಮಾನ್ಯ. ಹೆಚ್ಚಿನವು ಒಂದೇ ಅಚ್ಚಿನವು. ಲಾಗಿನ್‌ಗೆ ಮೊಬೈಲ್ ನಂಬರ್, ಕ್ಲಬ್‌ಗಳ ಪಟ್ಟಿ, ಕಾರ್ಯಕ್ರಮದ ಫೋಟೋಗಳು, ಒಂದು ಚಾಟ್. ವೈವಾ ಮುಗಿದು ಅಂಕ ಸಿಕ್ಕಿದ ಮೇಲೆ ಆ ಆ್ಯಪನ್ನು ಮಾಡಿದವರೇ ತೆರೆಯುವುದಿಲ್ಲ. ಕೋಡಿಂಗ್ ಕೆಟ್ಟದಿದ್ದದ್ದಕ್ಕೆ ಹೀಗಾಗುವುದಲ್ಲ. ಆ್ಯಪ್ ಯಾರಿಗೆ ಎಂದು ಮೊದಲೇ ಕೇಳಿಕೊಳ್ಳದೆ ಇದ್ದದ್ದಕ್ಕೆ.

ಚೆನ್ನಾಗಿ ನಡೆದ ಉದಾಹರಣೆ ಬೇಕಿದ್ದರೆ ಬಾಂಬೆ ಐಐಟಿಯ 'ಇನ್‌ಸ್ಟಿಆ್ಯಪ್' ನೋಡಬಹುದು. ಅಲ್ಲಿನ ವಿದ್ಯಾರ್ಥಿಗಳೇ ಕಟ್ಟಿದ್ದು. ಅದರ ಕೋಡ್ ಕೂಡ ಯಾರು ಬೇಕಾದರೂ ನೋಡಬಹುದಾದಂತೆ ತೆರೆದಿಟ್ಟಿದ್ದಾರೆ. ಕ್ಲಬ್‌ಗಳನ್ನು ಫಾಲೋ ಮಾಡಬಹುದು, ಯಾವ ಕಾರ್ಯಕ್ರಮ ಎಲ್ಲಿ ಎಂದು ನೋಡಬಹುದು. ಅದರಲ್ಲಿ ನನಗೆ ಬುದ್ಧಿವಂತಿಕೆ ಅಂತ ಕಂಡದ್ದು ಬೇರೆಯೇ ಒಂದು ಸಂಗತಿ: ಅದರೊಳಗೆ ಹಾಸ್ಟೆಲ್ ಮೆಸ್ಸಿನ ಮೆನು ಉಂಟು. ಇವತ್ತು ಊಟಕ್ಕೆ ಎಂತದ್ದು ಅಂತ ನೋಡಲಿಕ್ಕೆ ದಿನಾ ಆ್ಯಪ್ ತೆರೆಯುವವನ ಕಣ್ಣಿಗೆ ಸಂಜೆಯ ನಾಟಕದ ಸುದ್ದಿಯೂ ಬೀಳುತ್ತದೆ. ಕ್ಲಬ್ಬಿನ ಸುದ್ದಿ ಒಂದಕ್ಕೇ ದಿನಾ ಆ್ಯಪ್ ತೆರೆಯುವವರು ಯಾರಿದ್ದಾರೆ ಮಾರಾಯ್ರೆ?

ಆದರೆ ಅದನ್ನು ಹಾಗೆಯೇ ಎತ್ತಿ ಇಲ್ಲಿ ಇಡಲಿಕ್ಕಾಗುವುದಿಲ್ಲ. ಬಾಂಬೆ ಐಐಟಿಯ ಮಕ್ಕಳು ಹಾಸ್ಟೆಲಿನಲ್ಲಿ ಇರುವವರು. ನಮ್ಮವರು ಬಸ್ಸಿನವರು. 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಇರುವುದು ಪೇಟೆಯಿಂದ ದೂರದ ಕೊಣಾಜೆಯ ಗುಡ್ಡದ ಮೇಲೆ. ತೊಕ್ಕೊಟ್ಟು, ದೇರಳಕಟ್ಟೆ, ಮುಡಿಪು ಕಡೆಯಿಂದ ಬರುವವರು ಹೇಗೋ ಸುಧಾರಿಸುತ್ತಾರೆ. ವಿಟ್ಲದವಳಿಗೆ, ಉಪ್ಪಿನಂಗಡಿಯವಳಿಗೆ ಒಂದು ಬಸ್ ತಪ್ಪಿದರೆ ಮನೆ ಮುಟ್ಟುವಾಗ ಮಗ್ರಿಬ್ ಕಳೆದಿರುತ್ತದೆ. ಕಾರ್ಯಕ್ರಮ ಎಷ್ಟು ಗಂಟೆಗೆ ಶುರು ಎಂದು ಪೋಸ್ಟರಿನಲ್ಲಿ ಇರುತ್ತದೆ. ಎಷ್ಟಕ್ಕೆ ಮುಗಿಯುತ್ತದೆ ಎಂದು ಇರುವುದಿಲ್ಲ. ಬಸ್ಸಿನವಳಿಗೆ ಬೇಕಾದದ್ದು ಆ ಎರಡನೆಯ ಸಮಯ. ಆದ್ದರಿಂದ ಇಲ್ಲಿಯ ಆ್ಯಪಿನಲ್ಲಿ ಮುಗಿಯುವ ಹೊತ್ತು ತುಂಬದೆ ಯಾವ ಕಾರ್ಯಕ್ರಮವೂ ಪ್ರಕಟವಾಗಬಾರದು. ಅದರ ಕೆಳಗೆ ಆಮೇಲಿನ ಬಸ್ ಯಾವುದು ಎಂದು ಇರಬೇಕು. ಅಲ್ಲಿ ಮೆಸ್ ಮೆನು ಮಾಡಿದ ಕೆಲಸವನ್ನು ಇಲ್ಲಿ ಬಸ್ಸಿನ ಸಮಯ ಮಾಡುತ್ತದೆ. ಶುಕ್ರವಾರ ಮಧ್ಯಾಹ್ನ ಒಂದಕ್ಕೆ, ರಂಝಾನಿನ ಸಂಜೆ ಆರಕ್ಕೆ ಕಾರ್ಯಕ್ರಮ ಇಡುವವರಿಗೆ 'ಈ ಹೊತ್ತಿಗೆ ಕೆಲವರಿಗೆ ಬರಲಿಕ್ಕಾಗದು' ಎಂದು ಆ್ಯಪ್ ಒಂದು ಮಾತು ನೆನಪಿಸಿದರೆ ತಪ್ಪೇನಿಲ್ಲ. ಪರೀಕ್ಷೆಯ ದಿನಗಳಿಗೂ ಹಾಗೆಯೇ.

ಇನ್ನು ನಂಬರಿನ ವಿಷಯ. ವಾಟ್ಸ್ಆ್ಯಪಿನಲ್ಲೇ 2022ರಿಂದ 'ಕಮ್ಯುನಿಟಿ' ಅಂತ ಉಂಟಲ್ಲ, ಅದರ ಪ್ರಕಟಣೆ ಗ್ರೂಪಿನಲ್ಲಿ ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಸರಿಯೇ. ಬರೀ ಸುದ್ದಿ ತಿಳಿಯಲಿಕ್ಕೆ ಅದು ಸಾಕು. ಆದರೆ ಅಡ್ಮಿನ್‌ಗೆ ನಂಬರ್ ಕಾಣುತ್ತದೆ, ಅಡ್ಮಿನ್ ಎಂದರೆ ಮತ್ತೊಬ್ಬ ವಿದ್ಯಾರ್ಥಿಯೇ. ತಂಡದ ಕೆಲಸಕ್ಕೆ ಒಳಗಿನ ಗ್ರೂಪಿಗೆ ಸೇರಿದ ಕೂಡಲೇ ಕಥೆ ಪುನಃ ಮೊದಲಿನದ್ದೇ.

ಆ್ಯಪಿನಲ್ಲಿ ಇದನ್ನು ಬುಡದಿಂದಲೇ ಬೇರೆ ಮಾಡಬಹುದು. ಸೇರಲಿಕ್ಕೆ ಹೆಸರು, ರಿಜಿಸ್ಟರ್ ನಂಬರ್, ಕೋರ್ಸ್ ಸಾಕು. ಹೌದೋ ಅಲ್ಲವೋ ಎಂದು ಕ್ಲಬ್ಬಿನ ಹೊಣೆ ಹೊತ್ತ ಅಧ್ಯಾಪಕರು ಒಮ್ಮೆ ಒಪ್ಪಿಗೆ ಒತ್ತಿದರೆ ಆಯ್ತು. ಮೊಬೈಲ್ ನಂಬರಿಗೆ ಒಟಿಪಿ ಕಳಿಸುವ ಪದ್ಧತಿ ಬಿಟ್ಟರೆ ಮಾಡುವವರಿಗೂ ಲಾಭವೇ. ನಮ್ಮ ದೇಶದಲ್ಲಿ ಕಂಪ್ಯೂಟರಿನಿಂದ ಎಸ್ಸೆಮ್ಮೆಸ್ ಕಳಿಸಬೇಕಾದರೆ ಕಳಿಸುವ ಸಂಸ್ಥೆಯ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು, ಒಂದೊಂದು ಸಂದೇಶಕ್ಕೂ ದುಡ್ಡು. ಅದರಲ್ಲೂ ಕನ್ನಡದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುವುದು 70 ಅಕ್ಷರ ಮಾತ್ರ, ಇಂಗ್ಲಿಷಿಗಾದರೆ 160. ಆ್ಯಪಿನ ಒಳಗಿನ ನೋಟಿಫಿಕೇಶನ್‌ಗೆ ಈ ರಗಳೆ ಇಲ್ಲ.

ಮತ್ತೆ, ಚಾಟ್ ಬೇಡವೇ ಬೇಡ. ಚಾಟ್ ಇಲ್ಲದ ಆ್ಯಪ್ ಯಾರಿಗೆ ಬೇಕು ಎಂದು ಹುಡುಗರು ನಗಬಹುದು. ಹರಟೆಗೆ ವಾಟ್ಸ್ಆ್ಯಪ್ ಉಂಟು, ಅದನ್ನು ಸೋಲಿಸಲಿಕ್ಕೆ ಯಾವ ಪ್ರಾಜೆಕ್ಟ್ ತಂಡದಿಂದಲೂ ಆಗ್ಲಿಕ್ಕಿಲ್ಲ. ಪ್ರಶ್ನೆ ಇದ್ದರೆ ಕ್ಲಬ್ಬಿನ ಮೇಜಿಗೆ ಹೋಗಲಿ, ಕಾರ್ಯದರ್ಶಿಯ ವೈಯಕ್ತಿಕ ಇನ್‌ಬಾಕ್ಸಿಗೆ ಅಲ್ಲ. ಆ ಮೇಜಿನಲ್ಲಿ ಉತ್ತರಿಸುವವರು ಇಬ್ಬರಿರಲಿ, ಒಬ್ಬಳು ಹುಡುಗಿಯಾಗಿರಲಿ. ಯಾರು ಉತ್ತರಿಸಿದರೆಂದು ಅಧ್ಯಾಪಕರಿಗೆ ಕಾಣಲಿ.

ಕಾನೂನು ಕೂಡ ಈ ಕಡೆಗೇ ವಾಲುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಪಡೆಯಲಿಕ್ಕೆ ಹೆತ್ತವರ ಒಪ್ಪಿಗೆ ಬೇಕು. ಪಿಯುಸಿ ಮುಗಿಸಿ ಬರುವ ಮೊದಲ ವರ್ಷದ ಡಿಗ್ರಿಯವರಲ್ಲಿ ಎಷ್ಟೋ ಮಂದಿಗೆ 17 ಅಷ್ಟೇ! ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ ಎಂದು ಕಾಯ್ದೆಯಲ್ಲಿ ಉಂಟು. ಬಿಸಿಎ ಹುಡುಗರ ಮನೆ ಬಾಗಿಲಿಗೆ ಅಷ್ಟು ದೊಡ್ಡ ದಂಡ ಕೇಳಲಿಕ್ಕೆ ಯಾರೂ ಬರ್ಲಿಕ್ಕಿಲ್ಲ ಬಿಡಿ. ಆದರೂ ಬೇಡದ ಮಾಹಿತಿ ಕೇಳದೆ ಇದ್ದರೆ ಕಾಯುವ ತಲೆಬಿಸಿಯೂ ಇಲ್ಲ. ಹುಟ್ಟಿದ ತಾರೀಕು, ಮನೆ ವಿಳಾಸ, ಬಾಪನ ಉದ್ಯೋಗ ಎಲ್ಲ ಚರ್ಚಾ ವೇದಿಕೆಗೆ ಎಂತಕ್ಕೆ?

ಕೇಳಲೇಬೇಕಾದ ಜಾಗವೂ ಒಂದು ಉಂಟು: ರಕ್ತದಾನ. ನಮ್ಮ ಯುವಕರು ಇದರಲ್ಲಿ ಎಷ್ಟು ಓಡಾಡುತ್ತಾರೆಂದು ಮಂಗಳೂರಿನ ಆಸ್ಪತ್ರೆಗಳಿಗೆ ಗೊತ್ತು. ಈಗ ನಡೆಯುವುದು ಹೇಗೆಂದರೆ ರಕ್ತದ ಗುಂಪು, ಹೆಸರು, ನಂಬರ್ ಇರುವ ಪಟ್ಟಿಯೊಂದು ಫೋನಿನಿಂದ ಫೋನಿಗೆ ಹಾರುತ್ತಿರುತ್ತದೆ. ಹೋದ ತಿಂಗಳು ಕೊಟ್ಟವನಿಗೇ ಈ ತಿಂಗಳು ಪುನಃ ಹತ್ತು ಕರೆ. ಗಂಡಸರು ಒಮ್ಮೆ ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಕಾಯಬೇಕು. ಆ ಲೆಕ್ಕ ಆ್ಯಪ್ ಇಡಲಿ. ಒ ನೆಗೆಟಿವ್ ಬೇಕೆಂದಾಗ ಅವಧಿ ಕಳೆದವರಿಗೆ ಮಾತ್ರ ಸುದ್ದಿ ಹೋಗಲಿ. ಕೊಡ್ತೇನೆ ಎಂದು ಒತ್ತಿದವರ ನಂಬರ್ ಮಾತ್ರ, ಅದೂ ಆ ಒಂದು ಸಲಕ್ಕೆ, ಸಂಯೋಜಕರಿಗೆ ಕಾಣಲಿ. ಪಟ್ಟಿ ಹಾರುವುದು ಅಲ್ಲಿಗೆ ನಿಂತೀತು.

ಎನ್ನೆಸ್ಸೆಸ್ ಸೇರಿದವರಿಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು, ಜೊತೆಗೆ ಏಳು ದಿನದ ಶಿಬಿರ. ಕೊನೆಯಲ್ಲಿ ಸರ್ಟಿಫಿಕೇಟಿನ ಹೊತ್ತಿಗೆ ಗಂಟೆ ಸಾಲದೆ ಪುಸ್ತಕ ಹುಡುಕುವ ಪರದಾಟ ಕಂಡವರಿಗೆ ಗೊತ್ತು. ಬಂದ ದಿನವೇ ಗಂಟೆ ದಾಖಲಾಗಿ ಫೋನಿನಲ್ಲಿ ಕಂಡರೆ ಅದಕ್ಕಾದರೂ ಆ್ಯಪ್ ಇಟ್ಟುಕೊಳ್ಳುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮನೆಗೆ ತೋರಿಸುವ ಕಾರ್ಡ್. ಕಾರ್ಯಕ್ರಮ ಯಾವುದು, ಎಲ್ಲಿ, ಶುರು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ, ಜೊತೆಗಿರುವ ಟೀಚರ್ ಯಾರು, ಕಾಲೇಜಿನ ಆಫೀಸಿನ ಲ್ಯಾಂಡ್‌ಲೈನ್ ನಂಬರ್. ಒಂದೇ ಪುಟ, ಕನ್ನಡದಲ್ಲಿ. ಓದಲಿಕ್ಕೆ ಕಷ್ಟವಾಗುವ ಉಮ್ಮನಿಗಾಗಿ ಅದನ್ನೇ ಬ್ಯಾರಿಯಲ್ಲಿ ಓದಿ ಹೇಳುವ ಒಂದು ಧ್ವನಿ. ಅರ್ಧ ನಿಮಿಷದ ರೆಕಾರ್ಡಿಂಗ್, ಅದಕ್ಕೇನೂ ದೊಡ್ಡ ತಂತ್ರಜ್ಞಾನ ಬೇಡ. 'ಎಂತದ್ದೋ ಕ್ಲಬ್ಬಂತೆ' ಎನ್ನುವ ಮನೆಗೆ ಇಷ್ಟು ಗೊತ್ತಾದರೆ ಅರ್ಧ ವಾದ ಮುಗಿಯಿತು. ಹಾಗಾದರೆ ಮಗಳು ಎಲ್ಲಿದ್ದಾಳೆಂದು ಮನೆಯವರಿಗೆ ಮ್ಯಾಪಿನಲ್ಲಿ ತೋರಿಸುವ ಸೌಲಭ್ಯವೂ ಇರಲಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಬೇಡ. ಕಾರ್ಡ್ ಮಾಹಿತಿ ಕೊಡುತ್ತದೆ, ಮ್ಯಾಪ್ ಹಗ್ಗ ಕಟ್ಟುತ್ತದೆ. ಹಗ್ಗ ಇದ್ದ ಆ್ಯಪನ್ನು ಹುಡುಗಿಯರು ಮೊದಲ ದಿನವೇ ಅಳಿಸುತ್ತಾರೆ.

ಕಟ್ಟಿದ ಮೇಲೆ ಉಳಿಸುವುದು ಬೇರೆಯೇ ಕೆಲಸ. ಕ್ಲಬ್ಬಿನ ಪದಾಧಿಕಾರಿಗಳು ವರ್ಷ ವರ್ಷ ಬದಲಾಗುತ್ತಾರೆ. ಲಾಗಿನ್ ವ್ಯಕ್ತಿಯ ಹೆಸರಿಗಿರದೆ ಹುದ್ದೆಗೆ ಇದ್ದರೆ ಹಳೆಯ ಕಾರ್ಯದರ್ಶಿ ದುಬೈಗೆ ಹೋದ ಮೇಲೆ ಪಾಸ್‌ವರ್ಡ್‌ಗಾಗಿ ಕರೆ ಮಾಡುವುದು ತಪ್ಪುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ 'ಐರಿಸ್' ಎಂಬ ವ್ಯವಸ್ಥೆಯನ್ನು ವಿದ್ಯಾರ್ಥಿಗಳ ತಂಡವೇ ನಡೆಸಿಕೊಂಡು ಬಂದಿದೆ. ಹಿರಿಯರು ಕಿರಿಯರಿಗೆ ದಾಟಿಸುತ್ತಾರೆ. ಅಂಥ ತಂಡ ಇಲ್ಲದ ಸಣ್ಣ ಕಾಲೇಜಿಗೆ ಆ್ಯಪ್ ಬೇಡ ಎಂದೇ ಹೇಳುತ್ತೇನೆ. ಒಂದು ವೆಬ್ ಪುಟ, ಒಂದು ಗೂಗಲ್ ಫಾರ್ಮ್, ಆ ಕಾರ್ಡ್ ಸಾಕು. ಯುಯುಸಿಎಂಎಸ್, ಎಸ್‌ಎಸ್‌ಪಿ ಎಂದು ಈಗಾಗಲೇ ಲಾಗಿನ್‌ಗಳನ್ನು ಬರೆದಿಡಲಿಕ್ಕೇ ಒಂದು ಪುಸ್ತಕ ಬೇಕಾದ ಮಕ್ಕಳಿವರು.

ಆ್ಯಪೇ ಮಾಡ್ತೇವೆ ಎನ್ನುವ ತಂಡಗಳಿಗೆ ಖರ್ಚು ದೊಡ್ಡದೇನಲ್ಲ. ಗೂಗಲ್ ಪ್ಲೇಯಲ್ಲಿ ಖಾತೆ ತೆರೆಯಲಿಕ್ಕೆ ಒಮ್ಮೆ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಮಂದಿ ಸತತ 14 ದಿನ ಪರೀಕ್ಷಿಸಬೇಕೆಂಬ ನಿಯಮ ಉಂಟು. ಸಾಮಾನ್ಯವಾಗಿ ಆ 12 ಮಂದಿ ತಂಡದವರ ರೂಮ್‌ಮೇಟ್‌ಗಳೇ ಆಗಿರುತ್ತಾರೆ. ಈ ಸಲ ಅವರಲ್ಲಿ ಆರು ಮಂದಿ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯರಿರಲಿ, ಒಂದಿಬ್ಬರಾದರೂ ಗ್ರೂಪ್ ಬಿಟ್ಟು ಹೋದವರಿರಲಿ. ಎಲ್ಲಿ ಸಿಗುತ್ತಾರೆ ಎಂದು ಕೇಳಬೇಡಿ. ಸಂಜೆ ಕ್ಲಾಸ್ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ.