ಸತ್ತ ಕೋಳಿಗಳ ವಿಡಿಯೊ ನೋಡಿ ‘ಹಕ್ಕಿ ಜ್ವರ’ ಎನ್ನಬಹುದೇ?

ಶೆಡ್ಡಿನ ತುಂಬ ಸತ್ತು ಬಿದ್ದ ಬ್ರಾಯ್ಲರ್ ಕೋಳಿಗಳು. ಕೆಳಗೆ ‘ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರು ಚಿಕನ್ ತಿನ್ನಬೇಡಿ’ ಎಂಬ ಬರಹ. ಇಂಥದ್ದು ನಿಮ್ಮ ವಾಟ್ಸಾಪ್‌ಗೆ ಬಂದರೆ ನಂಬಬಹುದೇ?

ಭಯಕ್ಕೆ ಕಾರಣ ಇಲ್ಲವೆಂದಲ್ಲ. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯದೇ ಆದ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿ ಜ್ವರ ದೃಢಪಟ್ಟಿತ್ತು. ಆದರೆ ಅದನ್ನು ಹೇಳಿದ್ದು ವಿಡಿಯೊ ಅಲ್ಲ, ಭೋಪಾಲ್‌ನ ಪ್ರಯೋಗಾಲಯ.

ಕಣ್ಣಿಗೆ ಕಂಡರೆ ಸಾಲದೇ?

ಸಾಲದು. ಹಕ್ಕಿ ಜ್ವರದಿಂದಲೂ ಕೋಳಿಗಳು ಒಟ್ಟಿಗೆ ಸಾಯುತ್ತವೆ, ಕೊಕ್ಕರೆ ರೋಗದಿಂದಲೂ (ರಾಣಿಖೇತ್) ಸಾಯುತ್ತವೆ. ಗುಂಬೋರೊ ಬಂದರೂ ಅಷ್ಟೇ. ಬಳ್ಳಾರಿಯ ಬೇಸಿಗೆ ಝಳಕ್ಕೂ ಸಾಯಬಹುದು.

ಇನ್ನೂ ಒಂದು ವಿಷಯವಿದೆ. ಕೊಕ್ಕರೆ ರೋಗಕ್ಕೆ ಹಾಕುವ ‘ಲಸೋಟಾ’ ಲಸಿಕೆಯಲ್ಲಿರುವುದೂ ಅದೇ ಜಾತಿಯ, ಸೌಮ್ಯವಾದ ಜೀವಂತ ವೈರಸ್. ಹಾಗಾಗಿ ‘ಕೋಳಿಯಲ್ಲಿ ವೈರಸ್ ಸಿಕ್ಕಿದೆ’ ಎಂದ ಮಾತ್ರಕ್ಕೆ ರೋಗವಿದೆ ಎಂದಾಗುವುದಿಲ್ಲ.

ಲ್ಯಾಬ್‌ನಲ್ಲಿ ಏನು ನೋಡುತ್ತಾರೆ?

ಕೋಳಿಯ ಗಂಟಲು ಮತ್ತು ಮಲದ್ವಾರದಿಂದ ತೆಗೆದ ದ್ರವವನ್ನು ಮೊದಲು ಪಿಸಿಆರ್ ಪರೀಕ್ಷೆಗೆ ಒಡ್ಡುತ್ತಾರೆ. ಯಾವ ವೈರಸ್ ಎಂದು ತಿಳಿದ ಮೇಲೆ ಅದರ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ.

ಅದರಲ್ಲಿ ಒಂದು ಪುಟ್ಟ ಜಾಗ ಬಹಳ ಮುಖ್ಯ. ವೈರಸ್ ಜೀವಕೋಶದೊಳಗೆ ನುಗ್ಗಬೇಕಾದರೆ ಅದರ ಮೇಲ್ಮೈಯ ಒಂದು ಪ್ರೋಟೀನ್ ಮೊದಲು ಕತ್ತರಿಸಿಕೊಳ್ಳಬೇಕು. ಸೌಮ್ಯ ವೈರಸ್‌ನ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಮುಖ್ಯವಾಗಿ ಶ್ವಾಸನಾಳ, ಕರುಳಿನಲ್ಲಷ್ಟೇ ಇರುತ್ತವೆ. ಉಗ್ರ ತಳಿಯಲ್ಲಿ ಆ ಜಾಗ ಬದಲಾಗಿರುತ್ತದೆ. ಮೈಯ ಎಲ್ಲ ಭಾಗದ ಕಿಣ್ವಗಳೂ ಅದನ್ನು ಕತ್ತರಿಸಬಲ್ಲವು. ಆಗ ವೈರಸ್ ಮಿದುಳು, ಹೃದಯದವರೆಗೂ ಹಬ್ಬುತ್ತದೆ. ಹಕ್ಕಿ ಜ್ವರಕ್ಕೂ ಕೊಕ್ಕರೆ ರೋಗಕ್ಕೂ ಈ ಸೂತ್ರ ಅನ್ವಯಿಸುತ್ತದೆ. ಬೇರೆ ಊರಿನ ವೈರಸ್‌ಗಳ ವಂಶವಾಹಿಯೊಂದಿಗೆ ಹೋಲಿಸಿದರೆ ಇದು ಯಾವುದರ ಸಂಬಂಧಿ ಎಂಬ ಸುಳಿವೂ ಸಿಗುತ್ತದೆ.

ಉತ್ತರ ಸಿಕ್ಕ ಮೇಲೆ?

ಹಕ್ಕಿ ಜ್ವರ ಖಚಿತವಾದರೆ ರಾಷ್ಟ್ರೀಯ ಕ್ರಿಯಾ ಯೋಜನೆಯಂತೆ 1 ಕಿ.ಮೀ. ತ್ರಿಜ್ಯದೊಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿ.ಮೀ.ವರೆಗೆ ನಿಗಾ ಇಡುತ್ತಾರೆ. ಕೊಕ್ಕರೆ ರೋಗವಾದರೆ ದಾರಿ ಬೇರೆ. ಅದಕ್ಕೆ ಲಸಿಕೆಯೇ ಮುಖ್ಯ ರಕ್ಷಣೆ.

ತಪ್ಪು ಹೆಸರಿಟ್ಟರೆ ಸಾಕಿದವರ ಬದುಕೇ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ‘ಚಿಕನ್‌ನಿಂದ ಕೊರೊನಾ’ ಎಂಬ ಸುಳ್ಳು ಹಬ್ಬಿ ಬೆಲೆ ನೆಲಕಚ್ಚಿದಾಗ, ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಹೂತಿದ್ದರು.

ನಾವು ಮಾಡಬೇಕಾದ್ದು

ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಲ್ಲಿ ಈ ವೈರಸ್‌ಗಳು ಉಳಿಯುವುದಿಲ್ಲ; ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಯಾವ ಊರು? ಯಾವ ದಿನ? ಯಾವ ಲ್ಯಾಬ್ ಹೇಳಿದೆ? ಉತ್ತರವಿಲ್ಲದಿದ್ದರೆ ಆ ವಿಡಿಯೊ ನಿಮ್ಮ ಫೋನಿನಲ್ಲೇ ನಿಲ್ಲಲಿ.