ಕಪಾಟು ಸೇರಿದ ಮಾಲ್ಗುಡಿ, ಕೈಗೆ ಸಿಗದ ಮಾಯಾಮೃಗ

ಲಕ್ಕೂರು (ಮಾಲೂರು ತಾ.): ವಾರಕ್ಕೊಮ್ಮೆ ಅರ್ಧ ಗಂಟೆ ಕಾಣಿಸಿಕೊಂಡು ಮರೆಯಾಗುತ್ತಿದ್ದ ಧಾರಾವಾಹಿಯೊಂದು ಪುಸ್ತಕದಂತೆ ಮನೆಯ ಕಪಾಟನ್ನು ಸೇರಬಹುದೆಂಬುದು 1980ರ ದಶಕದ ಪ್ರೇಕ್ಷಕನ ಊಹೆಗೂ ನಿಲುಕದ ಸಂಗತಿಯಾಗಿತ್ತು. ಅಂದು ಧಾರಾವಾಹಿಯೆಂದರೆ ಹಳ್ಳಿಗೆ ದಿನಕ್ಕೊಮ್ಮೆ ಬರುವ ಬಸ್ಸಿನಂತೆ. ಹೊತ್ತಿಗೆ ಸರಿಯಾಗಿ ನಿಂತವನಿಗೆ ಸಿಕ್ಕಿತು, ತಡವಾದವನಿಗೆ ತಪ್ಪಿತು. ಶಂಕರನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಡಿವಿಡಿ ರೂಪದಲ್ಲಿ ಮಾರುಕಟ್ಟೆಗೆ ಬಂದಾಗ ಅಭಿಮಾನಿಗಳು ಪಟ್ಟ ಸಂಭ್ರಮದ ಮೂಲ ಇಲ್ಲಿದೆ. ಒಮ್ಮೆ ತಪ್ಪಿದ ಬಸ್ಸು ಮರಳಿ ಬಂದು ಮನೆಯ ಬಾಗಿಲಲ್ಲೇ ನಿಂತಿತ್ತು.

ಆದರೆ ಕನ್ನಡಿಗರು ಅಷ್ಟೇ ಪ್ರೀತಿಯಿಂದ ನೋಡಿದ ಎಲ್ಲ ಧಾರಾವಾಹಿಗಳಿಗೂ ಈ ಭಾಗ್ಯ ಒದಗಲಿಲ್ಲ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ನಿರ್ಧರಿಸಿದ್ದು ಪ್ರೇಕ್ಷಕರ ಮೆಚ್ಚುಗೆಯೊಂದೇ ಅಲ್ಲ. ಕಂತುಗಳ ಸಂಖ್ಯೆ, ಟೇಪಿನ ಆಯುಷ್ಯ, ಹಕ್ಕುಸ್ವಾಮ್ಯ ಮತ್ತು ಭಾಷೆ ಈ ನಾಲ್ಕೂ ಸೇರಿ ಆ ತೀರ್ಮಾನ ಮಾಡಿದವು.

ಹೊತ್ತಿಗೆ ಕಟ್ಟುಬಿದ್ದ ನೋಟ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರಿನಂತಹ ಹೋಬಳಿ ಕೇಂದ್ರಗಳಲ್ಲಿ ಅಂದು ಟಿವಿ ಇದ್ದ ಮನೆಗಳು ಬೆರಳೆಣಿಕೆಯವು. ನೆರೆಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತು ನೋಡುವುದೇ ರೂಢಿ. ಮಧ್ಯೆ ವಿದ್ಯುತ್ ಕೈಕೊಟ್ಟರೆ ಆ ವಾರದ ಕಥೆ ಅಲ್ಲಿಗೇ ಮುಗಿಯಿತು. ಮರುಪ್ರಸಾರ ಎಂದಾಗುವುದೋ, ಆಗುವುದೋ ಇಲ್ಲವೋ ಬಲ್ಲವರಾರು? ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಖಾಸಗಿ ಉದಯ ಟಿವಿ ಬಂದದ್ದು 1994ರಲ್ಲಿ. ಈ ನಡುವಿನ ಅವಧಿಯಲ್ಲಿ ವೀಕ್ಷಕನಿಗೆ ಬಹುಮಟ್ಟಿಗೆ ದೂರದರ್ಶನವೇ ಗತಿ.

ಆ ಅವಧಿಯಲ್ಲೇ, 1986ರಲ್ಲಿ, ‘ಮಾಲ್ಗುಡಿ ಡೇಸ್’ ತೆರೆಗೆ ಬಂತು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ ಈ ಸರಣಿಯ ನಿರ್ಮಾಪಕರು ಟಿ.ಎಸ್. ನರಸಿಂಹನ್. ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣ್ ಅವರ ಸೋದರ ಆರ್.ಕೆ. ಲಕ್ಷ್ಮಣ್ ಅವರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಮಲೆನಾಡಿನ ಆಗುಂಬೆಯೇ ಮಾಲ್ಗುಡಿಯಾಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಆ ನೆನಪಿಗಾಗಿ ಅಲ್ಲಿ 2020ರಲ್ಲಿ ವಸ್ತುಸಂಗ್ರಹಾಲಯವೂ ತಲೆಯೆತ್ತಿತು.

ಪುಟ್ಟ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ; ಬೇರೆ ಬೇರೆ ಕಂತುಗಳಲ್ಲಿ ಅನಂತನಾಗ್, ವಿಷ್ಣುವರ್ಧನ್, ರಮೇಶ್ ಭಟ್. ಹೀಗೆ ಕನ್ನಡದ ಕಲಾವಿದರ ದಂಡೇ ಅಲ್ಲಿತ್ತು. ಶಂಕರನಾಗ್ ನಿರ್ದೇಶಿಸಿದ 39 ಕಂತುಗಳಿಗೆ, 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದ 15 ಕಂತುಗಳು ಸೇರಿಕೊಂಡವು. ಅಷ್ಟು ಹೊತ್ತಿಗೆ ಶಂಕರನಾಗ್ ತೀರಿಕೊಂಡು ಹದಿನಾರು ವರ್ಷಗಳಾಗುತ್ತ ಬಂದಿದ್ದವು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಸಂಭವಿಸಿದ ರಸ್ತೆ ಅಪಘಾತ ಅವರನ್ನು ಮೂವತ್ತೈದರ ಹರೆಯದಲ್ಲೇ ಕಿತ್ತುಕೊಂಡಿತ್ತು. ಆದ್ದರಿಂದಲೇ ಅವರ ಅಭಿಮಾನಿಗಳಿಗೆ ಈ ಡಿವಿಡಿ ಬರಿಯ ಮನರಂಜನೆಯ ಸರಕಾಗಿರಲಿಲ್ಲ. ಇನ್ನು ಮುಂದೆ ಬೇರೇನನ್ನೂ ನಿರ್ದೇಶಿಸಲಾರದ ಕಲಾವಿದನ ಕೆಲಸ ಕೈಗೆ ಸಿಕ್ಕ ಸಮಾಧಾನ ಅದರಲ್ಲಿತ್ತು.

ಅಗ್ಗದ ತಟ್ಟೆಗಳ ಕಾಲ

ಮನೆಯಲ್ಲಿ ಚಿತ್ರ ನೋಡುವ ಅಭ್ಯಾಸ ವಿಡಿಯೋ ಕ್ಯಾಸೆಟ್ಟಿನಿಂದಲೇ ಮೊದಲಾಗಿತ್ತು. ಅದನ್ನು ಜನಸಾಮಾನ್ಯರ ಬಳಿಗೆ ಒಯ್ದದ್ದು ವಿಸಿಡಿ. 1993ರಲ್ಲಿ ರೂಪುಗೊಂಡ ಈ ಮಾದರಿಯ ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಸುಮಾರು 74 ನಿಮಿಷಗಳ ಚಿತ್ರ. ಆದಕಾರಣ ಕನ್ನಡ ಸಿನಿಮಾವೊಂದು ಎರಡು ಅಥವಾ ಮೂರು ತಟ್ಟೆಗಳಲ್ಲಿ ಬರುತ್ತಿತ್ತು; ನಾಯಕ ಖಳನ ಮೇಲೆ ಕೈಯೆತ್ತುವ ಹೊತ್ತಿಗೆ ಎದ್ದು ಹೋಗಿ ತಟ್ಟೆ ಬದಲಿಸಬೇಕಿತ್ತು. 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿವಿಡಿ 4.7 ಗಿಗಾಬೈಟ್ ಸಾಮರ್ಥ್ಯದ್ದು. ಉತ್ತಮ ಗುಣಮಟ್ಟದ ಎರಡು ಗಂಟೆಗಳ ಚಿತ್ರ ಒಂದೇ ತಟ್ಟೆಯಲ್ಲಿ ಅಡಕವಾಯಿತು.

ಬೆಲೆ ಮಾತ್ರ ಬಹುಕಾಲ ದುಬಾರಿಯಾಗಿಯೇ ಇತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲಾರಂಭಿಸಿದಾಗ ಲೆಕ್ಕಾಚಾರವೇ ತಲೆಕೆಳಗಾಯಿತು. ನಕಲಿ ತಟ್ಟೆಯ ಬೆಲೆಗೇ ಅಸಲಿ ಸಿಗತೊಡಗಿತು. ಬಾಡಿಗೆಗೆ ತಂದು ಮರುದಿನ ಹಿಂದಿರುಗಿಸುತ್ತಿದ್ದ ಕುಟುಂಬಗಳು ಸ್ವಂತಕ್ಕೆ ಕೊಳ್ಳುವಂತಾದವು. ಆ ಉತ್ಸಾಹದ ಆಯುಷ್ಯ ಹತ್ತು ವರ್ಷಗಳಷ್ಟೇ. ಅದೇ ಕಂಪನಿ 2018ರಲ್ಲಿ ಸಮಾಪನದ ಹಾದಿ ಹಿಡಿಯಿತು.

ಐನೂರು ಕಂತುಗಳ ಪೆಟ್ಟಿಗೆ

ಒಂದು ಸರಳ ಗಣಿತವನ್ನು ಗಮನಿಸಬಹುದು. ಜಾಹೀರಾತು ಕಳೆದರೆ ಕಂತೊಂದು ಸುಮಾರು 22 ನಿಮಿಷ. 39 ಕಂತುಗಳೆಂದರೆ 14 ಗಂಟೆಗಳಿಗಿಂತ ತುಸು ಹೆಚ್ಚು. ತಟ್ಟೆಗೆ ಎರಡು ಗಂಟೆಯಂತೆ ಏಳೆಂಟು ಡಿವಿಡಿಗಳಲ್ಲಿ ಇಡೀ ಸರಣಿ ಮುಗಿಯುತ್ತದೆ. ಕೊಳ್ಳುವವನಿಗೂ ಭಾರವಲ್ಲ, ಮಾರುವವನಿಗೂ ನಷ್ಟವಲ್ಲ.

ಇದೇ ಅಳತೆಗೋಲನ್ನು ಐನೂರು ಕಂತುಗಳ ದೈನಿಕ ಧಾರಾವಾಹಿಗೆ ಹಿಡಿದರೆ 183 ಗಂಟೆಗಳಾಗುತ್ತವೆ. ತೊಂಬತ್ತಕ್ಕೂ ಹೆಚ್ಚು ತಟ್ಟೆಗಳು ಬೇಕು. ಅಂತಹ ಪೆಟ್ಟಿಗೆಯನ್ನು ಅಚ್ಚು ಹಾಕಿಸುವವರೂ ಇಲ್ಲ, ಹೊತ್ತೊಯ್ಯುವವರೂ ಇಲ್ಲ. 1998ರಲ್ಲಿ ದೂರದರ್ಶನದಲ್ಲಿ ಆರಂಭವಾದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಈ ಬಗೆಯ ದೈನಿಕ ಧಾರಾವಾಹಿ. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಈ ಕಥೆಗಾಗಿ ರಾಜ್ಯದ ಅನೇಕ ಮನೆಗಳಲ್ಲಿ ಸಂಜೆಯ ಕೆಲಸ ನಿಲ್ಲುತ್ತಿತ್ತು. ‘ಮನ್ವಂತರ’, ‘ಮುಕ್ತ’ಗಳೂ ಅದೇ ಜಾಡಿನವು. ಹೀಗೆ ಕನ್ನಡಿಗರು ಅತಿ ಹೆಚ್ಚು ಹೊತ್ತು ಕಳೆದ ಧಾರಾವಾಹಿಗಳೇ ತಟ್ಟೆಯ ಅಳತೆಗೆ ಒಗ್ಗದೆ ಹೋದವು. ‘ಮಾಯಾಮೃಗ’ದ ಅಭಿಮಾನಿಗಳಿಗೆ ಅದು ಮತ್ತೆ ನೋಡಸಿಕ್ಕಿದ್ದು ತಟ್ಟೆಯ ಕಾಲ ಮುಗಿಯುತ್ತ ಬಂದ ಮೇಲೆ, ಯೂಟ್ಯೂಬ್‌ನಲ್ಲಿ.

ಸದಾನಂದ ಸುವರ್ಣ ನಿರ್ದೇಶನದ ‘ಗುಡ್ಡದ ಭೂತ’ದ ಪ್ರಸಂಗ ಇನ್ನಷ್ಟು ಕುತೂಹಲಕರ. ಪ್ರಕಾಶ್ ರೈ ತಮ್ಮ ಆರಂಭದ ದಿನಗಳಲ್ಲಿ ನಟಿಸಿದ, ಕರಾವಳಿಯ ಹಿನ್ನೆಲೆಯ ಈ ಕಿರು ಸರಣಿ ನೋಡುಗರ ಮನಸ್ಸಿನಲ್ಲಿ ಕಾಲು ಶತಮಾನ ಉಳಿದಿತ್ತು. 2015ರಲ್ಲಿ ತೆರೆಕಂಡ ‘ರಂಗಿತರಂಗ’ ಚಿತ್ರ ಅದರ ಹಾಡಿನ ಎಳೆಯನ್ನು ಬಳಸಿಕೊಂಡಾಗ, ಸರಣಿಯನ್ನು ಕಂಡಿರದ ತಲೆಮಾರೂ ಅದನ್ನು ಹುಡುಕಿ ನೋಡಿತು. ಮೂಲದ ಚಿತ್ರಿಕೆ ಉಳಿದಿದ್ದರಿಂದ ಮಾತ್ರ ಇದು ಸಾಧ್ಯವಾಯಿತು.

ಟೇಪಿಗಿಂತ ದೀರ್ಘಾಯು ಹಕ್ಕು

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಮೇಲಿನ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ಕಾಲ ಇರುತ್ತದೆ. ಕಾಯ್ದೆಯ ಪರಿಭಾಷೆಯಲ್ಲಿ ಟಿವಿ ಸರಣಿಯೂ ಇದರಲ್ಲಿ ಸೇರುತ್ತದೆ. ಅಂದರೆ 1986ರಲ್ಲಿ ಪ್ರಸಾರವಾದ ಕಂತಿನ ಹಕ್ಕು 2046ರ ಕೊನೆಯವರೆಗೆ ಹಕ್ಕುದಾರರಲ್ಲೇ ಉಳಿಯುತ್ತದೆ. ಆದರೆ ಕಂತನ್ನು ಹೊತ್ತ ಕಾಂತೀಯ ಟೇಪು ಎರಡು ಮೂರು ದಶಕಗಳಲ್ಲೇ ಸೊರಗತೊಡಗುತ್ತದೆ. ಅಂಟು ಕರಗುತ್ತದೆ, ಲೇಪ ಉದುರುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಟೇಪು ಗಟ್ಟಿಯಾಗಿದ್ದರೂ ಅದನ್ನು ಓದುವ ಯಂತ್ರ ಕೆಟ್ಟರೆ ಬಿಡಿಭಾಗ ದೊರೆಯುವುದಿಲ್ಲ. ಹಕ್ಕುದಾರರು ಸಕಾಲದಲ್ಲಿ ನಕಲು ಮಾಡಿಡದಿದ್ದರೆ ಹಕ್ಕು ಮಾತ್ರ ಉಳಿದು ಕೃತಿ ಇಲ್ಲವಾಗುತ್ತದೆ.

ಇಂಗ್ಲೆಂಡಿನ ಉದಾಹರಣೆ ಇದಕ್ಕೆ ಸಾಕ್ಷಿ. ಟೇಪು ದುಬಾರಿ, ಜಾಗ ಕಡಿಮೆ ಎಂಬ ಕಾರಣಕ್ಕೆ ಬಿಬಿಸಿ ಸಂಸ್ಥೆ 1960–70ರ ದಶಕಗಳಲ್ಲಿ ತನ್ನದೇ ಕಾರ್ಯಕ್ರಮಗಳನ್ನು ಅಳಿಸಿ ಟೇಪನ್ನು ಮರುಬಳಸಿತು. ಜನಪ್ರಿಯ ‘ಡಾಕ್ಟರ್ ಹೂ’ ಸರಣಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ದೃಶ್ಯಭಾಗ ಇಂದಿಗೂ ಕಾಣೆಯಾಗಿದೆ. ಆದರೆ ಆ ಕಂತುಗಳ ಧ್ವನಿ ಪೂರ್ತಿಯಾಗಿ ಉಳಿದಿದೆ. ಪ್ರಸಾರವಾಗುತ್ತಿದ್ದಾಗ ಮನೆಯಲ್ಲೇ ಟೇಪ್ ರೆಕಾರ್ಡರ್ ಹಿಡಿದು ಕುಳಿತಿದ್ದ ಅಭಿಮಾನಿಗಳಿಂದಾಗಿ ಅದು ಉಳಿಯಿತು. 2013ರಲ್ಲಿ ಕಾಣೆಯಾಗಿದ್ದ ಒಂಬತ್ತು ಕಂತುಗಳು ದೂರದ ನೈಜೀರಿಯಾದಲ್ಲಿ ಪತ್ತೆಯಾದವು. ಅಭಿಮಾನಿಯ ಹುಚ್ಚೆಂದು ಕಂಡದ್ದು ಕೊನೆಗೆ ಸಂಸ್ಥೆಗೇ ಆಸರೆಯಾಯಿತು.

ಕನ್ನಡದ ದನಿ ತಡವಾಗಿ

‘ಮಾಲ್ಗುಡಿ ಡೇಸ್’ ಅಭಿಮಾನಿಗಳ ಸಂತಸಕ್ಕೆ ಒಂದು ಕೊರತೆಯೂ ಅಂಟಿಕೊಂಡಿತ್ತು. ಆಗುಂಬೆಯಲ್ಲಿ ಚಿತ್ರೀಕರಣಗೊಂಡು, ಕನ್ನಡದ ಕಲಾವಿದರಿಂದಲೇ ತುಂಬಿದ್ದ ಸರಣಿ ಮಾತನಾಡಿದ್ದು ಹಿಂದಿಯಲ್ಲಿ; ಮೊದಲ 13 ಕಂತುಗಳು ಇಂಗ್ಲಿಷ್‌ನಲ್ಲೂ ಸಿದ್ಧವಾಗಿದ್ದವು. ಡಿವಿಡಿ ಮಾದರಿಯಲ್ಲಿ ಎಂಟು ಧ್ವನಿಪಥಗಳಿಗೂ 32 ಅಡಿಬರಹಗಳಿಗೂ ಅವಕಾಶವಿದೆ ಎಂಬುದು ಇಲ್ಲಿ ಗಮನಾರ್ಹ. ಅಡ್ಡಿಯಿದ್ದುದು ತಂತ್ರಜ್ಞಾನದಲ್ಲಲ್ಲ.

ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ಹಲವು ದಶಕಗಳ ಕಾಲ ಚಿತ್ರೋದ್ಯಮದ ವಿರೋಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಘೋಷಿತ ನಿರ್ಬಂಧದ ವಿರುದ್ಧ ಆದೇಶ ನೀಡಿದ ಬಳಿಕ ದಾರಿ ನಿಧಾನವಾಗಿ ತೆರೆಯಿತು. ಕೊರೊನಾ ಲಾಕ್‌ಡೌನ್‌ನಿಂದ ಹೊಸ ಚಿತ್ರೀಕರಣವೆಲ್ಲ ನಿಂತಿದ್ದ 2020ರ ಮೇ ತಿಂಗಳಲ್ಲಿ ಜೀ ಕನ್ನಡ ವಾಹಿನಿ ‘ಮಾಲ್ಗುಡಿ ಡೇಸ್’ ಅನ್ನು ಕನ್ನಡದಲ್ಲಿ ಪ್ರಸಾರ ಮಾಡಿತು. ಸ್ವಾಮಿ ಮತ್ತವನ ಗೆಳೆಯರು ಕನ್ನಡ ಕಿರುತೆರೆಯಲ್ಲಿ ಕನ್ನಡ ನುಡಿಯಲು ಮೂವತ್ನಾಲ್ಕು ವರ್ಷಗಳು ಹಿಡಿದವು.

ಇದು ಲಕ್ಕೂರಿನ ಆಸುಪಾಸಿಗೂ ಹೊರತಾದ ಮಾತಲ್ಲ. ಇದೇ ಮಾಲೂರು ತಾಲ್ಲೂಕಿನ ಮತ್ತೊಂದು ಹೋಬಳಿ ಕೇಂದ್ರ ಮಾಸ್ತಿ. ಆ ಊರಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಆ ಕಾದಂಬರಿಯೂ ದೂರದರ್ಶನದ ರಾಷ್ಟ್ರೀಯ ಪ್ರೇಕ್ಷಕರನ್ನು ತಲುಪಿದ್ದು ‘ಅಂತಿಮ್ ರಾಜಾ’ ಎಂಬ ಹಿಂದಿ ಸರಣಿಯಾಗಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಡಿಯಾಚೆ ತಮಿಳು ಎಂಬಂತಿರುವ ಈ ಸೀಮೆಯ ಅನೇಕ ಕುಟುಂಬಗಳಿಗೆ ಕಥೆಯನ್ನು ಪರಭಾಷೆಯಲ್ಲಿ ಕೇಳುವುದು ಕಷ್ಟವೇನಲ್ಲ. ಆದರೆ ತಮ್ಮ ಮಣ್ಣಿನ ಕಥೆ ತಮ್ಮ ನುಡಿಯಲ್ಲೇ ಸಂಗ್ರಹಕ್ಕೆ ಸಿಗಬೇಕೆಂಬ ಅಪೇಕ್ಷೆ ಬೇರೆಯದೇ.

ವಿದೇಶದ ಕನ್ನಡಿಗರ ಪಾಡು ಇನ್ನೊಂದು ಬಗೆಯದು. ಭಾರತದ ಟಿವಿ ಪಾಲ್ ಪದ್ಧತಿಯದು, ಅಮೆರಿಕದ್ದು ಎನ್‌ಟಿಎಸ್‌ಸಿ. ಡಿವಿಡಿಗಳಿಗೆ ಪ್ರಾದೇಶಿಕ ಸಂಕೇತವೂ ಉಂಟು. ಭಾರತದ್ದು ಐದು, ಅಮೆರಿಕದ್ದು ಒಂದು. ಊರಿನಿಂದ ಉಡುಗೊರೆಯಾಗಿ ಒಯ್ದ ತಟ್ಟೆ ಅಲ್ಲಿನ ಯಂತ್ರದಲ್ಲಿ ಓಡದಿದ್ದರೆ ಅದು ತಟ್ಟೆಯ ದೋಷವಾಗಿರಬೇಕಿಲ್ಲ.

ಈಗ ಮಾಡಬೇಕಾದ್ದೇನು?

ವಿಡಿಯೋ ಕ್ಯಾಸೆಟ್ ಯಂತ್ರಗಳ ಕೊನೆಯ ತಯಾರಕ, ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಆ ಸೇವೆಗೆ ತೆರೆ ಎಳೆಯಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತಟ್ಟೆ ಹಾಕುವ ಜಾಗವೇ ಇಲ್ಲ. ಬೇಕಾದಾಗ ಬೇಕಾದ್ದು ಅಂತರ್ಜಾಲದಲ್ಲಿ ಸಿಗುತ್ತದೆಂಬ ಭರವಸೆ ಈ ಬದಲಾವಣೆಯ ಹಿಂದಿದೆ. ಆದರೆ ಅಲ್ಲಿ ಹಣ ತೆತ್ತವನಿಗೆ ದಕ್ಕುವುದು ನೋಡುವ ಅನುಮತಿ ಮಾತ್ರ. ಒಪ್ಪಂದದ ಅವಧಿ ಮುಗಿದರೆ ಸರಣಿ ಸದ್ದಿಲ್ಲದೆ ಮಾಯವಾಗುತ್ತದೆ. ಮಧ್ಯೆ ವಿದ್ಯುತ್ ಹೋದ ಹಳೆಯ ದಿನಗಳ ಅಸಹಾಯಕತೆ ಇನ್ನೊಂದು ರೂಪದಲ್ಲಿ ಮರಳಿದಂತಾಗುತ್ತದೆ.

ಆದುದರಿಂದ ಮನೆಯಲ್ಲಿರುವ ತಟ್ಟೆಗಳನ್ನು ಹಳೆಯ ಸಾಮಾನಿನೊಡನೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳಿತು. ಕಾರ್ಖಾನೆಯಲ್ಲಿ ಅಚ್ಚಾದ ತಟ್ಟೆ ಸಾಮಾನ್ಯವಾಗಿ ಮನೆಯಲ್ಲಿ ಬರೆದ ತಟ್ಟೆಗಿಂತ ಹೆಚ್ಚು ಕಾಲ ಬಾಳುತ್ತದೆ. ಅದನ್ನು ಅಂಚಿನಲ್ಲಿ ಹಿಡಿಯಬೇಕು, ನಿಲ್ಲಿಸಿ ಇಡಬೇಕು, ಬಿಸಿಲು ಮತ್ತು ತೇವದಿಂದ ದೂರವಿರಿಸಬೇಕು. ಮದುವೆ, ಮುಂಜಿ, ಊರಹಬ್ಬಗಳ ಸ್ವಂತ ಚಿತ್ರಿಕೆಗಳಿದ್ದರೆ ಅವನ್ನು ಕಂಪ್ಯೂಟರಿಗೆ ವರ್ಗಾಯಿಸಿ ಎರಡು ಕಡೆ ಇಡಬೇಕು. ಪ್ರಸಾರವಾದ ಕಾರ್ಯಕ್ರಮಗಳನ್ನು ಹಕ್ಕುದಾರರ ಅನುಮತಿಯಿಲ್ಲದೆ ಮಾರುವುದು ಅಥವಾ ಅಂತರ್ಜಾಲಕ್ಕೆ ಏರಿಸುವುದು ಮಾತ್ರ ಕಾನೂನಿಗೆ ವಿರುದ್ಧ.

1990ರ ದಶಕದಲ್ಲಿ ಕನ್ನಡ ಧಾರಾವಾಹಿಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡವರ ಮನೆಗಳಲ್ಲಿ ಆ ಟೇಪುಗಳು ಇನ್ನೂ ಅಟ್ಟದ ಮೇಲಿದ್ದರೆ, ಅವಕ್ಕೀಗ ಸುಮಾರು ಮೂವತ್ತರ ಪ್ರಾಯ. ಅವು ಓಡುವ ಸ್ಥಿತಿಯಲ್ಲಿರುವಾಗಲೇ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮೇಲೆ ಹೆಸರು ಮತ್ತು ವರ್ಷ ಬರೆದಿಡುವುದು ಆ ಮನೆಯವರು ಮಾಡಬಹುದಾದ ಮೊದಲ ಕೆಲಸ.