ನಿಮಗಿದು ಗೊತ್ತೆ?: ಐರಿಷ್ ನಾಟಕಕಾರನ ಬುದ್ಧಿಮಾತು, ಮಾಥೇರಾನಿನ ಹುಡುಗ

ಮುಂಬಯಿ ಬಳಿಯ ಕಳವಾದಿಂದ ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೋಗುವ ಲೋಕಲ್ ಹಾದಿಯಲ್ಲಿ ನೇರಲ್ ಸಿಗುತ್ತದೆ. ಅಲ್ಲಿಂದ ಪುಟಾಣಿ ರೈಲು ಹತ್ತುವ ಬೆಟ್ಟವೇ ಮಾಥೇರಾನ್. ಗಿರೀಶ ಕಾರ್ನಾಡರು ಹುಟ್ಟಿದ್ದು ಅಲ್ಲೇ, 1938ರ ಮೇ 19ರಂದು. ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ.

ಹುಡುಗನಾಗಿದ್ದಾಗ ಅವರಿಗೊಂದು ಹುಚ್ಚಿತ್ತು: ಹೆಸರಾಂತ ಲೇಖಕರ ಚಿತ್ರ ಬರೆದು, ಹಸ್ತಾಕ್ಷರ ಕೋರಿ ಅವರಿಗೇ ಅಂಚೆಯಲ್ಲಿ ಕಳಿಸುವುದು. ಐರ್ಲೆಂಡಿನ ನಾಟಕಕಾರ ಷಾನ್ ಓಕೇಸಿ ಉತ್ತರ ಬರೆದ. ಇದರಲ್ಲಿ ಹೊತ್ತು ಕಳೆಯಬೇಡ, ಜನ ನಿನ್ನ ಹಸ್ತಾಕ್ಷರ ಕೇಳುವಂಥದ್ದೇನಾದರೂ ಮಾಡು ಎಂಬುದು ಅದರ ತಾತ್ಪರ್ಯ. ಹುಡುಗ ಮಾತು ಕೇಳಿದ ಎನ್ನಬೇಕು!

ನಾಟಕಕಾರ ಕಾರ್ನಾಡರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಟ ಕಾರ್ನಾಡರಿಗೆ ಅಷ್ಟು ನ್ಯಾಯ ಸಿಕ್ಕಿಲ್ಲ. ಆಕ್ಸ್‌ಫರ್ಡ್‌ನಿಂದ ಮರಳಿ ಮದರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರಲ್ಲಿ ದುಡಿಯುತ್ತ, 'ಮದ್ರಾಸ್ ಪ್ಲೇಯರ್ಸ್' ತಂಡದಲ್ಲಿ ರಂಗ ಹತ್ತಿದರು. ಅದೇ ಬಳಗದ ನಂಟಿನಿಂದ 1970ರಲ್ಲಿ 'ಸಂಸ್ಕಾರ' ಚಿತ್ರ ಬಂತು. ಅದರಲ್ಲಿ ಅವರು ಪ್ರಾಣೇಶಾಚಾರ್ಯ. ಸೆನ್ಸಾರ್ ಮೊದಲು ತಡೆದ ಈ ಚಿತ್ರವೇ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು.

1976ರ 'ಮಂಥನ್'ನಲ್ಲಿ ಅವರು ಪಶುವೈದ್ಯ ಡಾ. ರಾವ್. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ಚಿತ್ರವದು. ಜೊತೆಗಿದ್ದವರು ನಮ್ಮ ಅನಂತ್ ನಾಗ್. ಮುಂದೆ ಕಿರುತೆರೆಯ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಅಪ್ಪ.

2017ರ 'ಟೈಗರ್ ಜಿಂದಾ ಹೈ'ಯಲ್ಲಿ ಗೂಢಚಾರರ ಮುಖ್ಯಸ್ಥ ಡಾ. ಶೆಣೈ ಮೂಗಿಗೆ ಆಮ್ಲಜನಕದ ನಳಿಕೆ ಧರಿಸಿ ಕಾಣಿಸುತ್ತಾರಲ್ಲ, ಅದು ಬರೀ ವೇಷವಲ್ಲ. ಕಾರ್ನಾಡರಿಗೆ ಆಗ ನಿಜವಾಗಿಯೂ ಅದು ಬೇಕಿತ್ತು.